ಹಂದಿಮರಿಗೆ ಹತ್ತಿರ

ಎಡಗಣ್ಣಿನ ಪೊರೆ ತೆಗೆಸಲು ಪುದುಚೇರಿಗೆ ಹೋದ ಬೆಳ್ಯಪ್ಪ
ಮರಳಿದ್ದು ಕಣ್ಣಿಗೊಂದು ಪಟ್ಟಿ ಕಟ್ಟಿ,
ಬಗಲಲ್ಲಿ ಆರು ಉಕ್ಕಿನ ಗುಂಡು ಹೊತ್ತು.
ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರು ಚೀಲ ಬಿಚ್ಚಿಸಿ
"ಯಾವ ಯುದ್ಧಕ್ಕೆ, ಸುಬೇದಾರರೇ?" ಅಂದರಂತೆ.
"ಮುದುಕರ ಆಟ," ಅಂದನಂತೆ ಇವನು. "ಹೆಸರು ಪೆಟಾಂಕ್."

ಹಾಗೆ ಶುರುವಾಯಿತು ನಮ್ಮದು.
ಎರಡು ವರ್ಷ ಕಾಗದ ಹೋಗಿ, ಬಂದು, ಠಸ್ಸೆ ಬಿದ್ದು
ಅಮ್ಮತ್ತಿಯ ನಾವೂ ಕಡಲ ದಂಡೆಯ ಅವರೂ
ಅವಳಿ ಕ್ಲಬ್ಬು ಎಂದಾಯಿತು.
ಬೋರ್ಡು ಬರೆದ ಹುಡುಗ 'ಅವಲಿ' ಎಂದು ಬರೆದ.
ತಿದ್ದಿಸಲಿಲ್ಲ. ಅವರಿಗೆಲ್ಲಿ ಕನ್ನಡ ಬರುತ್ತದೆ, ಬಿಡಿ.

ಮೊನ್ನೆ ಭಾನುವಾರ ಬಂದರು
ಅಂತ್ವಾನ್ ಸಾಮಿ, ಸ್ತನಿಸ್ಲಾಸ್, ಮದಲೇನಮ್ಮ;
ಫ್ರೆಂಚ್ ಸೈನ್ಯದ ಪಿಂಚಣಿ ಈಗಲೂ ಯೂರೋದಲ್ಲಿ ಪಡೆಯುವ ಮನೆಗಳವರು,
ತಮಿಳಿನಲ್ಲಿ ಬೈದು ಫ್ರೆಂಚಿನಲ್ಲಿ ಎಣಿಸುವವರು.
ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಬಂದರೂ
ಸ್ತನಿಸ್ಲಾಸನ ಟೋಪಿ ಮಾತ್ರ ಚೂರೂ ಓರೆಯಾಗಿರಲಿಲ್ಲ.

ಸಿಮೆಂಟಿನ ಕಣದಲ್ಲಿ ಗುಂಡು ನಿಲ್ಲದು, ಓಡುತ್ತದೆ.
ಹಾಗಾಗಿ ಹಿಂದಿನ ಹಳೆಯ ಮಣ್ಣಿನ ಕಣ.
ಕೊನೆಯ ಕಾಫಿಯೂ ಒಣಗಿ, ಮೂಟೆಯಾಗಿ ಹೋಗಿ
ಹೂಮಳೆಗೆ ಕಾಯುತ್ತ ಬಿದ್ದಿದ್ದ ನೆಲ,
ಬಿರುಕಿನಲ್ಲಿ ಅಲ್ಲೊಂದು ಇಲ್ಲೊಂದು ಮರೆತ ಬೀಜ.
ಕುಳ್ಳಿ ಬೆಳಿಗ್ಗೆ ಆರಕ್ಕೇ ಗುಡಿಸಿಟ್ಟಿದ್ದಳು.

ನನಗೆ ವಹಿಸಿದ್ದು ಟೇಪು.
ಯಾರ ಗುಂಡು ಹತ್ತಿರ, ಅಳೆದು ಹೇಳಬೇಕು.
ಮೂವತ್ತೊಂದು ವರ್ಷ ಸರ್ವೆ ಇಲಾಖೆಯ ಸರಪಳಿ ಹಿಡಿದವಳು ನಾನು,
ಅಣ್ಣತಮ್ಮಂದಿರ ಬೇಲಿ ನಡುವೆ ನಿಂತು
ಎರಡೂ ಕಡೆಯಿಂದ ಬೈಸಿಕೊಂಡವಳು.
ಇದೇನು ಮಹಾ?

ಮೊದಲು ಎಸೆಯುವುದು ಪುಟ್ಟ ಮರದ ಗೋಲಿ.
"ಕೊಶೊನೆ," ಎಂದ ಅಂತ್ವಾನ್, ಅಂಗೈಯಲ್ಲಿಟ್ಟು ತೋರಿಸಿ.
"ಹಂದಿಮರಿ ಅಂತ ಅರ್ಥ."
ಒಂದು ಕ್ಷಣ ಸದ್ದಿಲ್ಲ. ಆಮೇಲೆ ಇಡೀ ಕಣ ನಕ್ಕಿತು.
ಅವರಿಗೆ ಪನ್ರಿ, ನಮಗೆ ಪಂದಿ, ಈ ಪದ್ಯಕ್ಕೆ ಹಂದಿ;
ಒಲೆಯ ಮೇಲೆ ಕಾಚಂಪುಳಿಗೆ ಕಾಯುತ್ತಿದ್ದದ್ದೂ ಅದೇ.
"ಹಾಗಾದರೆ ನಮಗೆ ಕಲಿಸುವುದೇನಿದೆ?" ಅಂದ ಬೆಳ್ಯಪ್ಪ.

ಇತ್ತು.
ನಮ್ಮವರದು ಕೋವಿಯ ಕೈ. ಗುರಿಯಿಟ್ಟು ಹೊಡೆಯುತ್ತಾರೆ.
ತಾಗಿದರೆ ಠಣ್, ತಾಗದಿದ್ದರೆ ಗುಂಡು ಗಿಡದ ಬುಡಕ್ಕೆ.
ಅವರೋ ಕುಕ್ಕರುಗಾಲಲ್ಲಿ ಕೂತು
ನಿದ್ದೆಯ ಬೆಕ್ಕನ್ನು ಮಡಿಲಿಂದ ಇಳಿಸುವಂತೆ
ಬಿಟ್ಟುಬಿಡುತ್ತಾರೆ.
ಗುಂಡು ತಾನೇ ಯೋಚಿಸಿ ಯೋಚಿಸಿ ಹೋಗಿ ನಿಲ್ಲುತ್ತದೆ.

ಹನ್ನೆರಡಕ್ಕೆ ಹನ್ನೆರಡು. ಹದಿಮೂರಕ್ಕೆ ಆಟ ಮುಗಿಯುತ್ತದೆ.
ಚಹಾ ತಂದಿಟ್ಟ ಅಸೈನಾರ್ ಹೋಗಲಿಲ್ಲ, ನಿಂತ.
ನಮ್ಮದೊಂದು ಗುಂಡು ಹಂದಿಮರಿಯ ಮೂಗಿನ ಹತ್ತಿರವೇ ಇತ್ತು.
ಕೊನೆಯದು ಅಂತ್ವಾನನ ಕೈಯಲ್ಲಿ. ಎಸೆಯಲಿಲ್ಲ ಆತ.
ವೃತ್ತದೊಳಗೇ ನಿಂತು, ಗೋಡೆಗೊರಗಿ ಕೂತ ಕುಳ್ಳಿಯತ್ತ ತಿರುಗಿ
ತಮಿಳಿನಲ್ಲಿ ಕೇಳಿದ:
ಮಳೆ ಬಂದರೆ ಇಲ್ಲಿ ನೀರು ಯಾವ ಕಡೆ ಹೋಗುತ್ತದಮ್ಮ?

ಇಪ್ಪತ್ತು ವರ್ಷ ಆ ಕಣ ಗುಡಿಸಿದ ಕುಳ್ಳಿ
ಪೊರಕೆಯ ಹಿಡಿಯಿಂದ ಗಾಳಿಯಲ್ಲೊಂದು ಗೆರೆ ಎಳೆದಳು,
ಹಲಸಿನ ಮರದತ್ತ, ತುಸು ಎಡಕ್ಕೆ ಬಾಗಿ.

ಬಲಕ್ಕೆ ಬಿತ್ತು ಗುಂಡು. "ಹೋಯ್ತು!" ಎಂದು ಕೂಗಿದ ಬೆಳ್ಯಪ್ಪ.
ಹೋಗಲಿಲ್ಲ.
ಹೊರಟ ಮೇಲೆ ಏನೋ ನೆನಪಾದ ನೆಂಟನಂತೆ
ತಿರುಗಿ ಬಂತು, ಬಂತು, ನಿಂತಿತು.

ಮಂಡಿಯೂರಿ ಅಳೆದೆ. ಮತ್ತೆ ಅಳೆದೆ.
ಕಾಫಿ ಬೀಜದ ದಪ್ಪದಷ್ಟು ಅವರದು ಹತ್ತಿರ.
ತಪ್ಪು ಹೇಳಬಹುದಿತ್ತು; ಸರಪಳಿ ಹಿಡಿದ ಕೈ ಒಪ್ಪಲಿಲ್ಲ.
"ಸರಿ ನೋಡಿದೆಯಾ, ಬೊಳ್ಳಮ್ಮ?"
"ಎರಡು ಕಣ್ಣಲ್ಲೂ," ಅಂದೆ.
ನಕ್ಕ. ಅಂತ್ವಾನನನ್ನು ತಬ್ಬಿದ. ಊಟಕ್ಕೆ ಎಬ್ಬಿಸಿದ.

ಮುಂದಿನ ವರ್ಷ ನಾವು ಅಲ್ಲಿಗೆ.
ತಂಡದ ಪಟ್ಟಿಯ ಮೂರನೇ ಸಾಲಿನಲ್ಲಿ
ಯಾರನ್ನೂ ಕೇಳದೆ ಕುಳ್ಳಿಯ ಹೆಸರು ಬರೆದಿದ್ದೇನೆ.
ಬೆಳ್ಯಪ್ಪ ಕನ್ನಡಕ ಹುಡುಕುತ್ತಿದ್ದಾನೆ, ವಾರವಾಯಿತು.
ಕುಳ್ಳಿ ಕೇಳಿದ್ದು ಒಂದೇ ಮಾತು:
"ಆ ಎರಡು ದಿನದ ಕೂಲಿ ಯಾರು ಕೊಡ್ತಾರೆ?"